ಬುರುಜಿನ ಮ್ಯಾಲಿನ ಪಾಳಿ

ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ಕಾಕಾನ ಮಗ ಕೃಷ್ಣರಾಜಗ ಆದದ್ದು. ಹೋದ ವರ್ಷ, ಸಂಭಾಜಿನಗರದಾಗ. ಆ ಕಿಟಕಿ ಅಷ್ಟು ಹಾಕ್ರಿ... ಹಾಂ.

ಕೃಷ್ಣರಾಜ ತಾಳಿಕೋಟಿಯವ. ಬ್ಯಾಂಕಿನಾಗ ಆಫೀಸರ್. ವರ್ಗ ಆದಾಗ ಹೆಂಡ್ತಿ ವಸುಧಾ ಜೊತಿಗೆ ಬರಲಿಲ್ಲ, ಮಗಳದು ಹತ್ತನೇ ಕ್ಲಾಸ್ ಇತ್ತು. ಹಳೇ ಊರಾಗ ಒಂದು ಖೋಲಿ ಹಿಡದ. ಹಗಲೆಲ್ಲ ಮರಾಠಿ, ಹಿಂದಿ. ರಾತ್ರಿ ಜಯಕರರ ಹೋಟೆಲಿನಾಗ ಊಟ. ಅವರು ಕುಂದಾಪುರದ ಕಡೆಯವರು, ಕನ್ನಡ ಬರ್ತದ. ಆದ್ರ ಗಿರಾಕಿ ಗದ್ದಲದಾಗ "ಇನ್ನೊಂದು ಚಪಾತಿ ಹಾಕ್ಲಾ?" ಅನ್ನೋದರ ಮುಂದ ಮಾತು ಹೋಗ್ತಿರಲಿಲ್ಲ. ಇಲ್ಲೆ ನಾಶಿಕಕ್ಕ ನನಗ ಫೋನ್ ಮಾಡ್ತಿದ್ದ. "ಅಕ್ಕಾ, ಆಡಬೇಕಂದದ್ದೆಲ್ಲಾ ಬಾಯಾಗ ಹಂಗೇ ಉಳೀತದ," ಅಂತಿದ್ದ.

ಹೋಟೆಲಿಂದ ಖೋಲಿಗೆ ಹೋಗೋ ದಾರಿಯಾಗ ಒಂದು ಹಾಳು ಬಾವಿ. ಅದರ ಮಗ್ಗಲಕ ಹಳೇ ಕೋಟೆಯ ಬುರುಜು. ಗೋಡೆ ಒಡೆದು ರಸ್ತೆ ಮಾಡ್ಯಾರ, ಇದೊಂದು ಮಾತ್ರ ಒಂದು ಗ್ಯಾರೇಜಿನ ಹಿಂದ ಉಳದದ. ಮ್ಯಾಲೆ ಹತ್ತಲಿಕ್ಕೆ ಮೆಟ್ಟಿಲಿಲ್ಲ. ಗೋಡೆ ಜೊತಿಗೆ ಅವೂ ಹೋಗ್ಯಾವ.

ಜುಲೈ ತಿಂಗಳು. ರಾತ್ರಿ ಹನ್ನೊಂದೂವರಿ. ಹಿಂದ ಜಯಕರರ ಶಟರ್ ಝರ್ರ್ ಅಂತ ಬಿತ್ತು. ಇಂವ ಬಾವಿ ದಾಟಿದ. ಆಗ ಮ್ಯಾಲೆ...

ಟಕ್.

ಕಬ್ಬಿಣದ ತುದಿ ಇದ್ದ ಕೋಲು ಕಲ್ಲಿನ ಮ್ಯಾಲೆ ಊರಿದಂಗ. ಟಕ್... ಟಕ್... ಅಂಚಿನ ತನಕ ಬಂತು. ನಿಂತಿತು.

"ಯಾರವ್ರು?"

ಕನ್ನಡದಾಗ!

"ನಾ... ಕೃಷ್ಣರಾಜ."

"ಯಾವೂರು, ತಮ್ಮಾ?"

"ತಾಳಿಕೋಟಿ."

ಆಮ್ಯಾಲೆ ಮೆಲ್ಲಗ... "ಡೋಣಿಗೆ ನೀರು ಬಂದೈತೇನು?"

ಡೋಣಿ ಅಂದ್ರ ನಮ್ಮೂರ ಹೊಳಿ. ಅಲ್ಲಿ ಆ ಹೆಸರು ಯಾರಿಗೆ ಗೊತ್ತದ, ಹೇಳ್ರಿ? ಬ್ಯಾರೆ ಯಾರಾದ್ರೂ ಓಡಿ ಹೋಗ್ತಿದ್ರು. ಇಂವ ನಿಂತು ಉತ್ತರಾ ಕೊಟ್ಟ. "ಬಂದದ. ಮೊನ್ನೆ ಸೇತುವಿ ಮುಳುಗಿತ್ತಂತ."

ಮ್ಯಾಲಿಂದ ಉಸಿರು ಬಿಟ್ಟ ಸಪ್ಪಳ ಬಂತಂತ. ದಣಿದ ಮನಷಾ ಬಿಟ್ಟಂಗ.

ಆ ವಾರ ಫೋನಿನಾಗ ನನಗ ಪಿಸುಗುಟ್ಟಿದ. "ಅಕ್ಕಾ, ನಮ್ಮ ಕಡೆಯವರೊಬ್ಬರು ಸಿಕ್ಕಾರ."

"ಛಲೋ ಆತು. ಎಲ್ಲಿರ್ತಾರ?"

"ಮ್ಯಾಲೆ."

ಮ್ಯಾಲಿನ ಮಾಳಿಗಿ ಅಂತ ತಿಳಕೊಂಡೆ ನಾನು. ಏನು ಹೇಳಲಿ...

ದಿನಾ ರಾತ್ರಿ ಇದೇ ನಡೀತು. ವಸುಧಾ ಫೋನ್ ಮಾಡಿದ್ರ ಎತ್ತತಿರಲಿಲ್ಲ. ಊಟ ಅರ್ಧಕ್ಕ ಬಿಟ್ಟು ಏಳ್ತಿದ್ದ. ಬುರುಜಿನ ಬುಡಕ ಮನಿ ಇರೋ ಮುದುಕಿ ಕಮಲಾಬಾಯಿ ನೋಡ್ಯಾಳ... ಕತ್ತು ಮ್ಯಾಲೆ ಮಾಡಿ ಒಬ್ಬವನೇ ನಗತಿದ್ದನಂತ. ಒಂದಿನ ಆಕಿ ಇವನ ಕೈ ಹಿಡಿದು ನಿಲ್ಲಿಸಿದ್ಲು. ತನ್ನ ಅತ್ತಿಯಿಂದ ಕೇಳಿದ್ದು ಹೇಳಿದ್ಲು. ಹಿಂದಕ ಈ ಬುರುಜಿನವ ಕೂಗಿದ್ರ ಮುಂದಿನ ಬುರುಜಿನವ ಓ ಅನ್ನಬೇಕಿತ್ತು. ಹಂಗ ಕೂಗು ರಾತ್ರಿಯೆಲ್ಲ ಊರು ಸುತ್ತತಿತ್ತು. ಓ ಅಂದವ ಎಚ್ಚರ ಇದ್ದಾನ ಅಂತ ಲೆಕ್ಕ. ದಕ್ಷಿಣದ ಕಡೆಯ ಸಿಪಾಯಿ ಒಬ್ಬ ಇಲ್ಲಿ ಪಾಳಿಗಿದ್ದ. ಒಂದು ದಂಗೆಯ ರಾತ್ರಿ ಉಳಿದವರೆಲ್ಲ ಬಿಟ್ಟು ಹೋದ್ರು. ಆ ಸಿಪಾಯಿಯ ಪಾಳಿ ಬಿಡಿಸಲಿಕ್ಕೆ ಯಾರೂ ಬರಲಿಲ್ಲ.

"ಓ ದೇಊ ನಕೋಸ, ಬಾಳಾ," ಅಂದ್ಲಂತ. ಓಗೊಡಬ್ಯಾಡ, ಮಗಾ.

ಇಂವ ಏನಂದ ಗೊತ್ತದೇನು? "ಪಾಪ, ಆಜಿ, ಅವನಿಗೂ ಮಾತಾಡಲಿಕ್ಕೆ ಯಾರಿಲ್ಲ."

ಆಗಸ್ಟ್. ಮಳಿ ಆಗಷ್ಟೇ ನಿಂತಿತ್ತು. ಕರೆಂಟ್ ಇರಲಿಲ್ಲ. ಬಾವಿಯೊಳಗ ಹನಿ ಬೀಳೋದು ಕೇಳ್ತಿತ್ತು... ತಟ್... ತಟ್...

"ತಮ್ಮಾ, ನನಗ ನಿದ್ದಿ ಬಂದೈತಿ. ಒಂದು ಪಾಳಿ ಕಾಯ್ತಿಯೇನು?"

"ಕಾಯ್ತೀನಿ," ಅಂದ ಇಂವ.

ಅಷ್ಟೇ. ಅಲ್ಲಿಂದ ಮುಂದ ಅವಗ ಏನೂ ನೆನಪಿಲ್ಲ.

ರಾತ್ರಿ ಎರಡು ಗಂಟೆಗೆ ನನಗ ಜಯಕರರ ಫೋನ್ ಬಂತು, ನನ್ನ ನಂಬರ್ ಇಂವನೇ ಅವರಿಗೆ ಕೊಟ್ಟಿದ್ದ. "ಅಕ್ಕ, ನಿಮ್ಮ ತಮ್ಮ ಬುರುಜಿನ ಮೇಲೆ ನಿಂತಿದ್ದಾರೆ ಮಾರಾಯ್ರೆ! ಕಮಲಾಬಾಯಿ ಬಂದು ಎಬ್ಬಿಸಿದ್ರು. ನನ್ನ ಗುರ್ತೇ ಇಲ್ಲ ಅವರಿಗೆ."

"ಏನು ಮಾಡ್ಲಿಕ್ಕತ್ಯಾನ?"

"ಕೂಗ್ತಿದ್ದಾರೆ. ಯಾರವ್ರು, ಯಾರವ್ರು ಅಂತ... ಅಂಚಿಗೆ ಬಂದು ಬಂದು ಕೂಗ್ತಾರೆ."

ನನಗೂ ಫೋನಿನಾಗ ಕೇಳಿಸ್ತು. ನಮ್ಮ ಹುಡುಗನ ದನಿ ಅಲ್ಲ ಅದು. ಒಡೆದ ದನಿ.

"ಫೋನ್ ಜೋರು ಮಾಡಿ ಮ್ಯಾಲೆ ಹಿಡೀರಿ," ಅಂದೆ. ಸಣ್ಣಾಂವ ಇದ್ದಾಗ ಕರೀತಿದ್ದಂಗ ಕರದೆ. "ಕಿಟ್ಟ್ಯಾ! ಏ ಕಿಟ್ಟ್ಯಾ! ನಾ ಅಕ್ಕ. ಅಲ್ಲೇ ಕೂಡು. ಮುಂದ ಬರಬ್ಯಾಡ."

ಕೂಗು ನಿಂತಿತು.

"ಅಕ್ಕಾ," ಅಂದ. "ಬಾಳ ಕತ್ತಲಿ ಅದ. ನಾ ಎಲ್ಲಿದ್ದೀನಿ?" ಅಂದು ಅಳಲಿಕ್ಕೆ ಹತ್ತಿದ.

ಅಗ್ನಿಶಾಮಕದವರು ಬರೋ ತನಕ ನಾ ಫೋನ್ ಇಡಲಿಲ್ಲ. ಊರಾಗಿನ ಒಬ್ಬೊಬ್ಬರ ಹೆಸರು ಹೇಳಿ ಮಾತಾಡಿಸಿದೆ. ಅಗ್ನಿಶಾಮಕದ ಇಬ್ಬರು ಏಣಿ ಹಚ್ಚಿ ಹತ್ತಿ ಇಳಿಸಿದ್ರು. ನಾನು, ನಮ್ಮ ಮನಿಯವರು ಬೆಳಿಗ್ಗೆ ಎಂಟರೊಳಗ ಕಾರಿನಾಗ ಮುಟ್ಟಿದಿವಿ. ಎರಡು ದಿನ ಮಲಗೇ ಇದ್ದ. ಈಗ ವಿಜಯಪುರಕ್ಕ ವರ್ಗ ಆಗ್ಯದ, ಹೆಂಡ್ತಿ ಮಗಳ ಜೊತಿಗಿದ್ದಾನ. ಆರಾಮಿದ್ದಾನ. ಮಾತು ಮಾತ್ರ ಕಡಿಮಿ.

ನಂಬೋದು ಬಿಡೋದು ನಿಮಗ ಬಿಟ್ಟದ್ದು. ಆದ್ರ ಏಣಿ ಹತ್ತಿದ ಆ ಇಬ್ಬರ ಅರಿವಿ ತುಂಬ ಪಾಚಿ, ಕೆಸರು ಆಗಿತ್ತಂತ, ಜಯಕರರು ಹೇಳಿದ್ರು. ಮಳ್ಯಾಗ ನೆನೆದ ಕಲ್ಲು ಅದು, ಇಪ್ಪತ್ತು ಅಡಿ, ಮೆಟ್ಟಿಲಿಲ್ಲ. ಕೃಷ್ಣರಾಜನ ಆ ರಾತ್ರಿಯ ಅಂಗಿ ಒಗೀಲಿಕ್ಕೆ ನಾನೇ ತಗೊಂಡೆ. ಬಿಳೇ ಅಂಗಿ. ಒಂದು ಕಲಿ ಇರಲಿಲ್ಲ. ತೋಳಿನ ಇಸ್ತ್ರಿ ಮಡಿಕಿ ಸೈತ ಮುರಿದಿರಲಿಲ್ಲ. ಸುಳ್ಳ್ಯಾಕ ಹೇಳಲಿ... ಈ ಕೈಯಾಗ ಹಿಡಿದು ನೋಡೀನಿ.