ಎರಡನೇ ದನಿಯವಳು

“ಹಲೋ... ಹಲೋ? ಯಾರು ಮಾತಾಡ್ತಿರೋದು? ಬರಾಂಕಿಯಾನೇ ಅಲ್ವಾ ಇದು? ರುಬಿಯೇಲಾ ಅವರ ಮನೆ?...”

“ಸೊಸೇನಾ? ಓ, ಯಾನೆತ್! ಹೇಗಿದೀಯಮ್ಮಾ? ನಾನು ಇಬಾಗೆಯಿಂದ, ನೊಯೆಲಿಯಾ. ನಿನ್ನ ಮದುವೆಗೆ ಬಂದಿದ್ನಲ್ಲ, ಬಸ್ಸಲ್ಲಿ ಹದಿನೆಂಟು ಗಂಟೆ ಕೂತು ಕಾಲು ಊದಿಸಿಕೊಂಡು... ಹಾಂ, ಅವಳೇ! ಕಾಲು ನೆನಪಿದೆ, ಮುಖ ನೆನಪಿಲ್ಲ ಅಲ್ವಾ?...”

ನೊಯೆಲಿಯಾ ಫೋನನ್ನು ಎಡಗಿವಿಗೆ ಬದಲಿಸಿದಳು. ಮಧ್ಯಾಹ್ನದ ಊಟ ಮುಗಿದಿತ್ತು. ಊಟದ ಮೇಜಿನ ಅರ್ಧಕ್ಕೆ ತಟ್ಟೆ, ಇನ್ನರ್ಧಕ್ಕೆ ವೈರುಗಳು. ನಡುವೆ ಒಂದು ಮೈಕು, ಅದರ ಬಾಯಿಗೆ ಉಸಿರು ಬಡಿಯದ ಹಾಗೆ ತಂತಿಯ ಬಳೆಗೆ ಎಳೆದು ಕಟ್ಟಿದ ಹಳೆಯ ಕಾಲುಚೀಲ.

“ನಿಮ್ಮತ್ತೆ ಹತ್ರ ಒಂದು ಮಾತಿತ್ತು. ಹಾಡಿನ ವಿಷಯ... ಹಾಡು ಅಮ್ಮಾ, ಹಾಡು... ಹಾಡಲ್ವಾ? ಯಾವಾಗಿನಿಂದ?... ಸರಿ ಸರಿ, ಅವಳನ್ನೇ ಕೇಳ್ತೀನಿ. ಅಂಗಳದಲ್ಲಿದ್ರೆ ಕೂಗು, ನಾನು ಕಾಯ್ತೀನಿ...”

ಕಾಯುವುದು ಅವಳಿಗೆ ಹೊಸದಲ್ಲ. ಹದಿನಾಲ್ಕು ವರ್ಷ ಇಬ್ಬರೂ ಜೋಡಿಯಾಗಿ ಹಾಡಿದ್ದರು. ಇಬಾಗೆಯ ಸುತ್ತಿನ ತೊಲಿಮಾ ಪ್ರಾಂತ್ಯದ ಯಾವ ಊರಿನ ಜೂನ್ ಹಬ್ಬದ ಗೋಡೆಚೀಟಿ ನೋಡಿದರೂ ‘ರುಬಿಯೇಲಾ ಮತ್ತು ನೊಯೆಲಿಯಾ’ ಎಂದಿರುತ್ತಿತ್ತು. ಹೆಸರಿನ ಆ ಕ್ರಮ ದನಿಯ ಕ್ರಮವೂ ಹೌದು. ರುಬಿಯೇಲಾಳದು ಮೊದಲ ದನಿ, ರಾಗ ಅವಳದು. ನೊಯೆಲಿಯಾಳದು ಎರಡನೇ ದನಿ. ರಾಗದ ಪಕ್ಕದಲ್ಲಿ ಎರಡು ಸ್ವರ ಕೆಳಗೆ, ಅದು ಹತ್ತಿದರೆ ಹತ್ತಿ, ಇಳಿದರೆ ಇಳಿದು, ಹಾಡಿನ ಉದ್ದಕ್ಕೂ ಜೊತೆಗೆ ನಡೆಯುವುದು ಅವಳ ಕೆಲಸ. ರುಬಿಯೇಲಾ ಮದುವೆಯಾಗಿ ಕಡಲತೀರದ ಬರಾಂಕಿಯಾಕ್ಕೆ ಹೋದಳು. ಜೋಡಿ ಅಲ್ಲಿಗೆ ಮುಗಿಯಿತು.

“ಹಲೋ?... ಹಾಂ, ಯಾರು, ಮಗ ಎವೆಲಿಯೋನಾ? ಚೆನ್ನಾಗಿದೀಯೇನಪ್ಪಾ? ಅಮ್ಮನಿಗೆ ಕೊಡು ಫೋನು, ಅವಳಿಗೋಸ್ಕರನೇ ಕಾಯ್ತಿದೀನಿ...”

“...ಏನಂದೆ?”

“...ರುಬೀ?”

ಕಿವಿಗೆ ಒತ್ತಿದ್ದ ಫೋನು ಬಿಸಿಯಾದಂತೆನಿಸಿತು. ಮುಳ್ಳಿನ ಬೇಲಿಯ ಮೇಲೆ ಬಟ್ಟೆ ಎಳೆದಂಥ ದನಿ. ಈ ದನಿಯವಳು ರುಬಿಯೇಲಾ ಆಗಿರಲು ಸಾಧ್ಯವಿಲ್ಲ ಎಂದು ಅವಳ ಕಿವಿ ಹಟ ಹಿಡಿದಿತ್ತು.

“ಇಲ್ಲ ಇಲ್ಲ, ಲೈನ್ ಸರಿಯಿಲ್ಲ ಕಣೇ, ಅದಕ್ಕೆ... ಈ ಕಡೆ ಯಾವಾಗ್ಲೂ ಹಿಂಗೇ, ಗೊರಗೊರ ಅನ್ನುತ್ತೆ... ಸುಳ್ಳಲ್ಲ... ಸರಿ, ಸುಳ್ಳು. ನಿನ್ನನ್ನ ಗಂಡಸು ಅಂದ್ಕೊಂಡೆ. ತಪ್ಪಾಯ್ತು.”

“ಯಾವಾಗ ಆಯ್ತು ಆಪರೇಷನ್ನು?... ನಾಲ್ಕು ವರ್ಷ! ನಾಲ್ಕು ವರ್ಷದಿಂದ ಕ್ರಿಸ್‌ಮಸ್ಸಿಗೆ ಬರೀ ಹೂವಿನ ಚಿತ್ರ ಕಳಿಸ್ತಿದ್ದೆಯಲ್ಲೇ! ಮಾತಾಡಿದ್ರೆ ಗೊತ್ತಾಗುತ್ತೆ ಅಂತಾನಾ?... ಮ್... ಮ್... ಗಂಟಲಲ್ಲಿ ಗಂಟು. ಕೆಟ್ಟದ್ದಲ್ಲ ತಾನೇ?... ಸದ್ಯ... ಮೀನಿನವನು ಫೋನಲ್ಲಿ ‘ಹೇಳಿ ಸಾರ್’ ಅಂದನಾ? ಥೂ, ನಗಿಸಬೇಡ. ನನಗೆ ಅಳು ಬರ್ತಿರುವಾಗ ನಗಿಸಬೇಡ.”

“ನಾನಾ? ಸುಮ್ನೆ ಫೋನ್ ಮಾಡಿದೆ... ಯಾಕೆ, ಸುಮ್ನೆ ಮಾಡಬಾರದಾ?... ಚೆನ್ನಾಗಿದೀನಿ. ಲಿಬಾರ್ದೋ ತೀರಿಕೊಂಡು ಮಾರ್ಚಿಗೆ ಎರಡು ವರ್ಷ... ಹಾಂ, ಗಂಡ ಇಲ್ಲದ ಮನೆ ಅಭ್ಯಾಸವಾಗಿದೆ. ಭಾನುವಾರ ತಮಾಲೆ ತರೋಕೆ ಹೋಗಿದ್ದೆ. ಒಂದು ಕೊಡು ಅಂದೆ. ‘ಒಂದೇನಾ?’ ಅಂದಳು ಅಂಗಡಿಯವಳು. ಒಂದೇ ಅಂದೆ. ಬಾಳೆಲೆ ಕಟ್ಟಿ ಕೈಗೆ ಕೊಡುವಾಗ ಮತ್ತೆ ‘ಒಂದೇ ಸಾಕಾ?’ ಅಂತಾಳೆ. ಇಡೀ ಸಾಲು ತಿರುಗಿ ನೋಡ್ತು... ಇಲ್ಲಪ್ಪ, ಜಗಳ ಆಡಲಿಲ್ಲ. ತಂದು ತಿಂದೆ, ಅಷ್ಟೇ.”

“...ಅಯ್ಯೋ, ನಿನ್ನ ಸೊಸೆ ಹೇಳಿಬಿಟ್ಟಳಾ ಹಾಡಿನ ವಿಷಯ?”

ಮೂರು ದಿನದಿಂದ ಈ ಮಾತನ್ನು ಅವಳು ಬಾಯಿಪಾಠ ಮಾಡಿದ್ದಳು. ಪಾತ್ರೆ ತೊಳೆಯುವಾಗ ಒಂದು ಬಗೆ, ಸ್ನಾನಕ್ಕೆ ನೀರು ಬಿಡುವಾಗ ಇನ್ನೊಂದು ಬಗೆ. ಆ ಮುಳ್ಳಿನ ದನಿ ಕೇಳಿದ ಮೇಲೆ ಒಂದೂ ನೆನಪಾಗಲಿಲ್ಲ.

“ಹಾಂ, ರೆಕಾರ್ಡ್ ಮಾಡ್ತಿದೀನಿ... ಮನೆಯಲ್ಲೇ, ಊಟದ ಮೇಜಿನ ಮೇಲೆ... ನಗು, ನಗು. ಅರವತ್ತೆಂಟನೇ ವಯಸ್ಸಿಗೆ ಇದೆಲ್ಲ. ನೆನಪಿದೆಯಾ ನಮ್ಮ ಎರಡು ಕ್ಯಾಸೆಟ್ ಪೆಟ್ಟಿಗೆ? ಒಂದರಲ್ಲಿ ಗಿಟಾರ್ ಹಾಕಿ, ಎದುರಿಗೆ ಇನ್ನೊಂದಿಟ್ಟು, ನಡುವೆ ನಿಂತು ಹಾಡ್ತಿದ್ವಲ್ಲ... ಹಾಂ! ಮೂರನೇ ಸಲಕ್ಕೆ ಹಾಡಿಗಿಂತ ಸುಂಯ್ ಅನ್ನೋದೇ ಜಾಸ್ತಿ. ನಿಮ್ಮಪ್ಪ ‘ಯಾರೇ ಎಣ್ಣೇಲಿ ಏನೋ ಕರೀತಿರೋದು’ ಅಂತಿದ್ರು... ಆಮೇಲೆ ಒಂದೊಂದು ದನೀನೂ ಬೇರೆಬೇರೆ ಹಿಡಿಯೋ ನಾಲ್ಕು ಟ್ರ್ಯಾಕಿನ ಯಂತ್ರ, ಸೂಟ್‌ಕೇಸ್ ಥರ ಹೊತ್ತುಕೊಂಡು ಹೋಗ್ತಿದ್ದದ್ದು. ನೀನು ಹೋದ ಮೇಲೆ ಲಿಬಾರ್ದೋ ಸಣ್ಣ ಡಿಸ್ಕಿನದೊಂದು ತಂದ. ಎರಡೇ ವರ್ಷಕ್ಕೆ ಊರಲ್ಲಿ ಆ ಡಿಸ್ಕೇ ಸಿಗದ ಹಾಗಾಯ್ತು. ಆಮೇಲೆ ಕಂಪ್ಯೂಟರು. ಅದು ಸಾಯುವಾಗ ಎಲ್ಲಾನೂ ಎತ್ಕೊಂಡು ಹೋಯ್ತು... ಹಾಡಾ? ಹಾಡಿರಲಿಲ್ಲ ಕಣೇ ಅದರಲ್ಲಿ. ನೀನು ಹೋದ ಮೇಲೆ ಎಲ್ಲದರಲ್ಲೂ ಬರೀ ಗಿಟಾರು.”

“ಈಗಿನದಾ? ಅಂಗೈಯಷ್ಟು ಪೆಟ್ಟಿಗೆ. ಟ್ರ್ಯಾಕಿಗೆ ಮಿತಿಯೇ ಇಲ್ಲ. ಇನ್ನೂರು ಜನ ಬಂದು ಹಾಡಬಹುದು. ಇರೋದು ನಾನೊಬ್ಬಳು.”

ಆ ಕಡೆಯ ಮನೆಯೆಲ್ಲ ಫೋನಿನಲ್ಲಿ ಕೇಳಿಸುತ್ತಿತ್ತು. ಹಿಂದೆ ಎಲ್ಲೋ ಫ್ಯಾನಿನ ಸದ್ದು, ರಸ್ತೆಯಲ್ಲಿ ಯಾರದೋ ದೊಡ್ಡ ಪೆಟ್ಟಿಗೆಯಿಂದ ಕುಣಿತದ ಹಾಡು. ಕಡಲತೀರದವರಿಗೆ ಮೌನವೆಂದರೂ ಇಷ್ಟು ಗದ್ದಲ ಬೇಕು.

“ಹನ್ನೊಂದು ಹಾಡು ಮಾಡಿದೆ. ಎಲ್ಲಾ ನನ್ನ ದನಿಯಲ್ಲಿ... ಎರಡನೇದೇ ಮತ್ತೆ, ಇನ್ಯಾವುದು? ಪಕ್ಕದ ಮನೆ ದಿಯೋಸೆಲೀನಾನ ಕರೆದು ಕೇಳಿಸಿದೆ. ನಮ್ಮ ಹೊಳೆಯ ಹಾಡು. ಸಾನ್ ಹುವಾನ್ ಹಬ್ಬದಲ್ಲಿ ಅವಳೇ ಎಷ್ಟು ಸಲ ಕುಣಿದಿಲ್ಲ ಅದಕ್ಕೆ! ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಮುಗಿದ ಮೇಲೆ ಏನಂದಳು ಗೊತ್ತಾ?... ‘ಚೆನ್ನಾಗಿದೆ ನೊಯೆ, ಯಾವ ಹಾಡು ಇದು?’...”

“ನಗಬೇಡವೇ. ನಾನೂ ನಕ್ಕೆ ಆವತ್ತು, ಅವಳೆದುರಿಗೆ.”

ದಿಯೋಸೆಲೀನಾ ಬಿಸಿ ಚಾಕೊಲೇಟು ಕುಡಿದು, ಅದರೊಳಗೆ ಹಾಕಿ ಕರಗಿಸಿದ ಚೀಸನ್ನೂ ಬಟ್ಟಲ ತಳದಿಂದ ಚಮಚದಲ್ಲಿ ಕೆರೆದು ತಿಂದು ಹೋದ ಮೇಲೆ, ನೊಯೆಲಿಯಾ ಹೆಡ್‌ಫೋನು ಹಾಕಿಕೊಂಡು ತಾನೇ ಕೇಳಿದ್ದಳು. ಶ್ರುತಿ ಎಲ್ಲೂ ತಪ್ಪಿರಲಿಲ್ಲ. ಆದರೆ ಅದು ಹಾಡಾಗಿರಲಿಲ್ಲ. ಯಾರೂ ಇಲ್ಲದ ಕುರ್ಚಿಯ ಎದುರು ಕೂತು ತಲೆಯಾಡಿಸುತ್ತ ‘ಹೌದು, ಹೌದು’ ಎನ್ನುತ್ತಿರುವ ಹೆಂಗಸಿನ ಹಾಗಿತ್ತು.

“ಆ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ಟು ಇನ್ನೂ ಇದೆ... ಹಾಂ, ಅದೇ. ನೀನು ಬೇಡ ಬೇಡ ಅಂದ್ರೂ ನಾನು ಇಬ್ಬರ ದನೀನೂ ಒಂದೇ ಟ್ರ್ಯಾಕಿಗೆ ಇಳಿಸಿದ್ನಲ್ಲ, ಟಿಪ್ಲೆ ನುಡಿಸೋಕೆ ಒಂದು ಟ್ರ್ಯಾಕ್ ಖಾಲಿ ಬೇಕು ಅಂತ. ಬೇರೆಬೇರೆ ಇದ್ದದ್ದನ್ನ ಅಳಿಸಿಬಿಟ್ಟೆ... ನೀನು ಬೈದಿದ್ದೆ, ನೆನಪಿದೆ. ಎರಡು ದಿನ ಮಾತು ಬಿಟ್ಟಿದ್ದೆ... ಈಗ ಕಂಪ್ಯೂಟರಿಗೆ ಅದನ್ನೆಲ್ಲ ಬಿಡಿಸೋಕೆ ಬರುತ್ತಂತೆ. ಹಾಕಿ ನೋಡಿದೆ. ಗಿಟಾರ್ ಬಿಡಿಸಿತು. ಟಿಪ್ಲೆಯ ಹನ್ನೆರಡು ತಂತಿಯನ್ನೂ ನೀಟಾಗಿ ಬಿಡಿಸಿತು. ನಮ್ಮಿಬ್ಬರನ್ನ ಬಿಡಿಸಲಿಲ್ಲ. ಅದರ ಪ್ರಕಾರ ಹಾಡಿರೋದು ಒಬ್ಬಳೇ ಹೆಂಗಸು...”

“...ರುಬೀ?... ಇದೀಯಾ?”

“ಅದಕ್ಕೇ ಫೋನ್ ಮಾಡಿದ್ದು. ನಿನ್ನ ದನಿ ಹಾಡಿ ಕಳಿಸು ಅಂತ ಕೇಳೋಣ ಅಂತ. ನಿನ್ನ ಫೋನಲ್ಲೇ ಹಾಡಿದ್ರೂ ಸಾಕಿತ್ತು, ಉಳಿದದ್ದು ನಾನು ನೋಡ್ಕೊಳ್ತಿದ್ದೆ... ಬೇಡ ಬಿಡು ಈಗ. ನಿನ್ನ ಗಂಟಲು ಹೀಗಾಗಿದೆ ಅಂತ ಗೊತ್ತಿದ್ರೆ ಬಾಯಿ ಬಿಡ್ತಿರಲಿಲ್ಲ, ಆಣೆಗೂ...”

“ಏನು?... ಯಾರು, ನಾನಾ?... ಮೊದಲನೇ ದನಿಯಾ? ಹುಚ್ಚಾ ನಿನಗೆ?”

ನಿಂತೇ ಮಾತಾಡುತ್ತಿದ್ದವಳು ಕುರ್ಚಿ ಎಳೆದುಕೊಂಡು ಕೂತಳು.

“ಬರಲ್ಲ ಕಣೇ... ನಾಚಿಕೆ ಅಲ್ಲ, ನಿಜವಾಗ್ಲೂ ಬರಲ್ಲ. ಪ್ರಯತ್ನ ಮಾಡಿದೀನಿ. ಮೊದಲ ಸಾಲು ಹೇಗೋ ದಾಟ್ತೀನಿ. ಎರಡನೇ ಸಾಲಿಗೆ ಬಂದ್ರೆ ಗಂಟಲು ತಾನಾಗೇ ಕೆಳಗಿಳಿದು ತನ್ನ ಜಾಗದಲ್ಲಿ ಕೂತುಬಿಡುತ್ತೆ... ಹದಿನಾಲ್ಕು ವರ್ಷ ಹಾಡಿದ ಹಾಡಿನ ರಾಗವೇ ನನಗೆ ಬರಲ್ಲ ಅಂತ ಯಾರ ಹತ್ರ ಹೇಳಲಿ? ದಿಯೋಸೆಲೀನಾ ಹತ್ರಾನಾ?... ನಿನ್ನ ಉಸಿರು ಕೇಳಿಸ್ಕೊಂಡು ಹಾಡ್ತಿದ್ದೆ ರುಬೀ. ನೀನು ಉಸಿರೆಳೆದ್ರೆ ನಾನೂ ಎಳೀತಿದ್ದೆ. ರಾಗ ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೊಳ್ಳೋ ಕೆಲಸವೇ ಇರಲಿಲ್ಲ.”

ಲಿಬಾರ್ದೋ ಜೊತೆಗೂ ಹಾಗೆಯೇ ಮೂವತ್ತು ವರ್ಷ ಕಳೆದಿತ್ತು. ಅವನೇನೂ ಒರಟನಲ್ಲ. ಕಿಟಕಿಗೆ ಯಾವ ಬಣ್ಣ ಎಂದು ಕೇಳುತ್ತಿದ್ದ. ನಿನಗೆ ಯಾವುದು ಇಷ್ಟವೋ ಅದು ಎಂದು ಇವಳೇ ಹೇಳುತ್ತಿದ್ದಳು. ಈಗ ಆ ಕಿಟಕಿಯ ಹಸಿರು ಬಣ್ಣ ಹಪ್ಪಳದಂತೆ ಎದ್ದಿತ್ತು. ಬೇರೆ ಬಳಿಸಬೇಕು. ಯಾವುದೆಂದು ಗೊತ್ತಾಗದೆ ಹಾಗೆಯೇ ಬಿಟ್ಟಿದ್ದಳು.

“ನೀನು ಕೆಳಗಿನದು ಹಾಡ್ತೀಯಾ?... ಹಾಂ, ನಿನ್ನ ದನಿ ಈಗ ಅಲ್ಲೇ ಇದೆ, ಇನ್ನೂ ಕೆಳಗೇ ಇದೆ! ಆದ್ರೆ ನನ್ನ ಸಾಲು ನಿನಗೆಲ್ಲಿ ಗೊತ್ತು?... ಪೂರ್ತಿನಾ?... ಅಷ್ಟು ವರ್ಷ ಪಕ್ಕದಲ್ಲಿ ನಿಂತು ಅದನ್ನೇ ಕೇಳ್ತಿದ್ದೆಯಾ? ನೀನು ಜನರನ್ನ ನೋಡ್ತಿದ್ದೆ ಅಂದ್ಕೊಂಡಿದ್ದೆ ನಾನು...”

“ಈಗಲೇನಾ? ಫೋನಲ್ಲಾ?... ಸೊಸೆ ಏನಂದ್ಕೋತಾಳೆ?... ಆಪರೇಷನ್ ಆದ ಮೇಲೆ ಒಂದ್ಸಲವೂ ಹಾಡಿಲ್ವಾ, ನಾಲ್ಕು ವರ್ಷದಲ್ಲಿ?... ಚರ್ಚಲ್ಲೂ?... ಹಾಂ... ಹಾಂ... ಅಳಬೇಡ. ಅತ್ರೆ ಹಾಡೋಕಾಗಲ್ಲ ಅಂತ ನೀನೇ ಹೇಳ್ತಿದ್ದೆ. ಸರಿ. ತಡಿ, ನೀರು ಕುಡೀತೀನಿ.”

ಅವಳು ಶುರು ಮಾಡಿದಳು. ಒಂದು ಸಾಲು ಮುಗಿಯುವಷ್ಟರಲ್ಲಿ ನಿಲ್ಲಿಸಿದಳು.

“ನೀನು ತಡವಾಗಿ ಬರ್ತಿದೀಯ... ನಾನಲ್ಲ, ನೀನು!... ಓ, ಫೋನಿಂದಾ? ಹೌದಲ್ಲ, ಅಷ್ಟು ದೂರ ಹೋಗಿ ಬರಬೇಕು ದನಿ... ಹಾಂ, ನಿನಗೋಸ್ಕರ ನಾನು ನಿಧಾನ ಮಾಡಿದೆ, ಅದನ್ನ ಕೇಳಿ ನೀನೂ ನಿಧಾನ ಮಾಡಿದೆ. ಹಿಂಗಾದ್ರೆ ಇಬ್ಬರೂ ಹಾಡಿನ ಮಧ್ಯೆ ಮಲಗಿಬಿಡ್ತೀವಿ ಅಲ್ವಾ?... ಕಾಯಬಾರದಾ?... ಸ್ವಲ್ಪವೂ?... ನೀನು ಯಾವತ್ತೂ ಕಾಯ್ತಿರಲಿಲ್ವಾ ನನಗೆ?... ಸರಿ, ಸರಿ, ಬೈಯಬೇಡ. ಕಾಯಲ್ಲ.”

*ಹೊಳೆಯ ನೀರು ಇಳಿದ ಮೇಲೆ...*

ಹಿಂದಿನಿಂದ ಅರ್ಧ ತಾಳ ತಡವಾಗಿ ಆ ಒರಟು ದನಿ ಬಂತು. ಒಡೆದಿತ್ತು, ಎಳೆದಲ್ಲಿ ಗಾಳಿಯೇ ಹೆಚ್ಚಿತ್ತು. ಆದರೂ ಸ್ವರ ಸರಿಯಾಗಿತ್ತು. ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.

*ಕಲ್ಲು ಕಲ್ಲು ಕಾಣುವಾಗ...*

ಇಲ್ಲಿಯೇ ಅವಳ ಗಂಟಲು ಕೆಳಗಿಳಿಯುತ್ತಿದ್ದದ್ದು. ಇಳಿಯಲು ಹೋಯಿತು. ಅಲ್ಲಿ ಜಾಗವಿರಲಿಲ್ಲ, ರುಬಿಯೇಲಾ ಬಂದು ಕೂತಿದ್ದಳು. ಬೇರೆ ದಾರಿ ಕಾಣದೆ ನೊಯೆಲಿಯಾ ಮೇಲೆಯೇ ಉಳಿದಳು.

*ನೀನು ನಡೆದ ದಾರಿ ಹಿಡಿದು...*

ಕೆಳಗಿನ ದನಿ ‘ನಡೆದ’ವರೆಗೆ ಬಂತು. ಆಮೇಲೆ ಬರಲಿಲ್ಲ. ತಡವಾಗಿದೆ, ಅಷ್ಟೇ, ಎಂದುಕೊಂಡಳು. ಕಿವಿಯಲ್ಲಿ ಫೋನು ಟುಕ್ ಟುಕ್ ಎಂದು ಮೂರು ಸಲ ಸದ್ದು ಮಾಡಿ ಸುಮ್ಮನಾಯಿತು. ಲೈನ್ ಕಡಿದಿತ್ತು. ಆ ಫ್ಯಾನಿಲ್ಲ, ಆ ರಸ್ತೆಯ ಗದ್ದಲವಿಲ್ಲ.

ಅವಳು ಉಸಿರೆಳೆದುಕೊಂಡಳು, ಯಾರ ಉಸಿರನ್ನೂ ಕೇಳಿಸಿಕೊಳ್ಳದೆ.

*ನಾನು ಬಂದೆನೆಂದು ಹೇಳು...*