ಜ್ವರವಿಲ್ಲದವನಿಂದ ಬಂದ ಜ್ವರ

ಮಾನ್ಯ ಅಧ್ಯಕ್ಷರೇ, ಮ್ಯಾನೇಜರ್ ಸಾಹೇಬರೇ, ಮುಂದಿನ ಸಾಲಿನ ಅತಿಥಿಗಳೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಹೊಲಿಗೆ ವಿಭಾಗದ ಅಕ್ಕಂದಿರೇ, ಎಲ್ಲ ಸಭಿಕರೇ,

ಮೊದಲು ಕೈಗೆ ಸುತ್ತಿರುವ ಈ ಬಟ್ಟೆ ಬಿಚ್ಚಿಬಿಡುತ್ತೇನೆ. ನೋಡಿ, ಈ ಕೈ ಸುಟ್ಟಿಲ್ಲ. ಬೊಬ್ಬೆಯಿಲ್ಲ, ಕಲೆಯಿಲ್ಲ. ಎಣ್ಣೆ ಸಿಡಿಯಿತು ಎಂದು ಇಷ್ಟು ದಿನ ನಿಮಗೆ ಹೇಳಿದ್ದು ಸುಳ್ಳು. ಅಡುಗೆ ಮುಟ್ಟದೆ ದೂರ ನಿಲ್ಲಲು ನನಗೊಂದು ನೆಪ ಬೇಕಿತ್ತು, ಅಷ್ಟೇ.

ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಅತ್ಯುತ್ತಮ ಅಡುಗೆಯವನೆಂದು ಈಗಷ್ಟೇ ಈ ಫಲಕ ಕೊಟ್ಟಿರಿ. "ಇವನ ಕೈಗುಣವೇ ಬೇರೆ" ಎಂದು ಅಧ್ಯಕ್ಷರು ಹೊಗಳಿದರು. ನನಗೆ ಬೆವರು ಕಿತ್ತುಕೊಂಡು ಬಂತು.

ನಾನು ಶಾಲೆ ಬಿಟ್ಟವನು. ಸೂಕ್ಷ್ಮಜೀವಿ ಎಂದರೇನು ಎಂಬ ಪ್ರಶ್ನೆಗೆ, "ಇದೆ ಎನ್ನುತ್ತಾರೆ, ಯಾರೂ ಕಂಡಿಲ್ಲ, ಉದಾಹರಣೆ: ನಮ್ಮ ಶಾಲೆಯ ಇನ್‌ಸ್ಪೆಕ್ಟರು" ಎಂದು ಬರೆದಿದ್ದೆ. ನಗಿ, ನಗಿ. ಮೇಷ್ಟರೂ ನಕ್ಕರು, ಆಮೇಲೆ ಸೊನ್ನೆ ಹಾಕಿದರು. ಅದೇ ವರ್ಷ ನನಗೆ ದೊಡ್ಡ ಜ್ವರ ಬಂತು. ಎದ್ದು ಕೂರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಗ್ಯಾರೇಜು, ಅಚ್ಚುಕೂಟ, ಲಾರಿ ಎಲ್ಲ ಸುತ್ತಿ, ಕೂತಲ್ಲಿ ಕೂರಲಾರದ ನಾನು ಕೊನೆಗೆ ಒಲೆಯ ಮುಂದೆ ನಿಂತೆ.

ಈ ಹಳೆಯ ಕಥೆ ಈಗೇಕೆ? ಈಚೆಗೆ ಪಕ್ಕೆ ನೋವೆಂದು ಆಸ್ಪತ್ರೆಗೆ ಹೋದಾಗ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಡಾಕ್ಟರಮ್ಮ ನನ್ನ ಕೆಲಸ ಕೇಳಿದರು, ಚಿಕ್ಕಂದಿನ ಜ್ವರದ ಬಗ್ಗೆ ಕೇಳಿದರು, ಇನ್ನೊಂದು ಪರೀಕ್ಷೆ ಮಾಡಿಸಿದರು.

"ನಿನಗೆ ಬಂದಿದ್ದು ಟೈಫಾಯ್ಡ್ ಕಣಪ್ಪ. ಜ್ವರ ಹೋಯ್ತು, ರೋಗಾಣು ಹೋಗಿಲ್ಲ. ಆ ಕಲ್ಲಿನ ಮೇಲೇ ಮನೆ ಮಾಡ್ಕೊಂಡಿದೆ."

"ನಾನು ಗಟ್ಟಿಮುಟ್ಟಾಗಿದ್ದೀನಲ್ಲ, ಮೇಡಂ?"

"ನೀನು ಗಟ್ಟಿಯಾಗೇ ಇದ್ದೀಯ. ನಿನ್ನ ಕೈಯಲ್ಲಿ ತಿಂದವರ ಕಥೆ ಹೇಳು."

ಶಾಲೆ ನನ್ನನ್ನು ಬಿಟ್ಟಿತು, ರೋಗಾಣು ಬಿಡಲಿಲ್ಲ.

ಅವರೇ ಬಿಡಿಸಿ ಹೇಳಿದರು. ಕಣ್ಣಿಗೆ ಕಾಣದ ಜೀವಿಗಳಲ್ಲಿ ಹೆಚ್ಚಿನವು ನಮ್ಮ ತಂಟೆಗೆ ಬರುವುದಿಲ್ಲ, ಕೆಲವು ಮಾತ್ರ ರೋಗ ತರುತ್ತವೆ. ಒಂದೊಂದಕ್ಕೂ ಅದರದೇ ದಾರಿ. ನೆಗಡಿಯ ವೈರಸ್ಸು ಸೀನಿನ ಜೊತೆ ಹಾರುತ್ತದೆ. ಮಲೇರಿಯಾ ಸೊಳ್ಳೆಯ ಮೇಲೆ ಸವಾರಿ ಬರುತ್ತದೆ. ನನ್ನೊಳಗಿನ ಬ್ಯಾಕ್ಟೀರಿಯಾ ಮಲದಲ್ಲಿ ಹೊರಬಿದ್ದು, ಸರಿಯಾಗಿ ತೊಳೆಯದ ಕೈಗೆ ಅಂಟಿ, ಊಟದ ಜೊತೆ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಕುದಿಸಿದರೆ ಸಾಯುತ್ತದೆ. ಆದರೆ ಹಸಿ ಸೌತೆಕಾಯಿ, ಈರುಳ್ಳಿ ಹೆಚ್ಚಿ, ನಿಂಬೆ ಹಿಂಡಿ, ಬರಿಗೈಯಲ್ಲಿ ಕಲಸಿದ್ದನ್ನು ಯಾರು ಕುದಿಸುತ್ತಾರೆ? ಕೈ ತೊಳೆಯುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ತೊಳೆಯುತ್ತಿದ್ದೆ, ಅವಸರದಲ್ಲಿ, ಬರೀ ನೀರಿನಲ್ಲಿ.

ಕೆಲವು ತಿಂಗಳ ಹಿಂದೆ ಕ್ಯಾಂಟೀನಿನಲ್ಲಿ ಉಂಡವರಿಗೆಲ್ಲ ಜ್ವರ ಹಬ್ಬಿದಾಗ ನಾವು ಏನೇನು ನೋಡಲಿಲ್ಲ? ನೀರಿನ ಟ್ಯಾಂಕು ತೊಳೆಸಿದೆವು. ಹಾಲಿನವನನ್ನು ಬದಲಿಸಿದೆವು. ಕೊನೆಗೆ, ಮೊದಲು ಜ್ವರ ಬಂದದ್ದು ಯಾರಿಗೆ ಎಂದು ಹುಡುಕಿದೆವು. ಪಾತ್ರೆ ತೊಳೆಯುವ ದೊಡ್ಡಕ್ಕನಿಗೆ. ಜ್ವರ ಮೊದಲು ಬಂದವರೇ ಜ್ವರ ತಂದವರು ಎಂದು ತೀರ್ಮಾನಿಸಿ, ಮ್ಯಾನೇಜರ್ ಸಾಹೇಬರೇ, ನೀವು ಅವಳನ್ನು ಕೆಲಸದಿಂದ ತೆಗೆದಿರಿ. ನಾನೂ ತಲೆಯಾಡಿಸಿದೆ. ಆಗ ನನಗೂ ಹಾಗೆಯೇ ಅನ್ನಿಸಿತ್ತು.

ಹೋಗುವಾಗ ಅವಳು ಅಂದಳು: "ಲೋ ತಮ್ಮಾ, ನನ್ನ ಕೈ ಸೋಪಲ್ಲೇ ಸವೆದುಹೋಗಿದೆ. ರೋಗಕ್ಕೆ ಅಂಟಿಕೊಳ್ಳೋಕೆ ಚರ್ಮ ಎಲ್ಲಿದೆಯೋ?"

ಅವಳಿಗೇ ಯಾಕೆ ಮೊದಲು ಬಂತು? ನಮ್ಮ ಅಡುಗೆಮನೆಯಲ್ಲಿ ಒಂದು ರೂಢಿ ಇತ್ತು. ಕಲಸಿದ್ದರಲ್ಲಿ ಮೊದಲ ಹಿಡಿ ಅವಳಿಗೆ. "ದೊಡ್ಡಕ್ಕಾ, ಉಪ್ಪು ನೋಡು" ಎಂದು ದಿನವೂ ಅವಳ ಒದ್ದೆ ಅಂಗೈಯಲ್ಲಿ ನಾನೇ ಇಡುತ್ತಿದ್ದೆ. "ನಿನ್ನ ಕೈಗೆ ಬಂಗಾರದ ಬಳೆ ಹಾಕಬೇಕು ಕಣೋ" ಎನ್ನುತ್ತಿದ್ದಳು.

ವಿಷಯ ತಿಳಿದ ದಿನದಿಂದ ನಾನು ಸೌಟು ಮುಟ್ಟಿಲ್ಲ. ಆದರೆ ಬಾಯಿ ಬಿಡಲಿಲ್ಲ. ಹೇಳಿದರೆ ನಾಳೆ ನನ್ನ ಕೈಯಲ್ಲಿ ಯಾರು ಉಣ್ಣುತ್ತಾರೆ ಎಂಬ ಭಯ. ಆ ಭಯ ಈಗಲೂ ಇದೆ. ಮೂರನೇ ಸಾಲಿನಲ್ಲಿ ಇಸ್ತ್ರಿ ವಿಭಾಗದ ಅಣ್ಣ ಕೂತಿದ್ದಾರೆ. ಜ್ವರ ಬಿಟ್ಟರೂ ಅವರಿನ್ನೂ ಕೋಲೂರಿ ನಡೆಯುತ್ತಾರೆ. ಅಣ್ಣಾ, ನಿಮ್ಮ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿಲ್ಲ.

ಮ್ಯಾನೇಜರ್ ಸಾಹೇಬರೇ, ಫಲಕವನ್ನು ಮೇಜಿನ ಮೇಲೆಯೇ ಇಟ್ಟಿದ್ದೇನೆ. ದೊಡ್ಡಕ್ಕನನ್ನು ಕೆಲಸಕ್ಕೆ ಕರೆಯಿರಿ. ಅವಳನ್ನು ತೆಗೆದಾಗ ಎಲ್ಲರ ಮುಂದೆ ತೆಗೆದಿರಿ, ಕರೆಯುವಾಗಲೂ ಎಲ್ಲರ ಮುಂದೆ ಕರೆಯಿರಿ. ನನ್ನ ಜಾಗ ನನಗೆ ಉಳಿಸಿಡಿ ಎಂದು ಕೇಳುವುದಿಲ್ಲ. ಕಲ್ಲಿನ ಸಮೇತ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಆದಮೇಲೆ, ರೋಗಾಣು ಹೋಯಿತೇ ಎಂದು ನೋಡಲು ಪರೀಕ್ಷೆಯ ಮೇಲೆ ಪರೀಕ್ಷೆ ಇದೆಯಂತೆ. ಪರೀಕ್ಷೆಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ.

ಮಧ್ಯದಲ್ಲಿ ಎದ್ದು ಹೋಗದೆ ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞ. ಸುಳ್ಳಿನ ಬಟ್ಟೆ ಬಿಚ್ಚಿದ ಈ ಕೈಗೆ ಇನ್ನೊಂದು ಕೈ ಜೋಡಿಸಿ, ನಮಸ್ಕಾರ. ನಾಳೆ ಬೆಳಗಿನ ಬಸ್ಸಿಗೆ ಆಸ್ಪತ್ರೆಗೆ ಹೋಗುತ್ತಿದ್ದೇನೆ.