ಕಿಟಕಿ ನಿನಗೆ, ಬಾಗಿಲು ನನಗೆ

...ಅಲ್ಲಲ್ಲ, ಅದು ಸ್ಟೂಲು. ಈ ಕಡೆ ಬಾ. ಕತ್ತಲೆಗೆ ಕಣ್ಣು ಹೊಂದಲಿ, ಆಮೇಲೆ ಕಾಲಿಡು. ಮಧ್ಯಾಹ್ನ ಮೂರೂವರೆಗೆ ಟ್ಯೂಬ್‌ಲೈಟ್ ಹಾಕಿಕೊಂಡು ಕೂರುವ ಮನೆ ಮೈಲಾಪೂರಲ್ಲಿ ಇದೊಂದೇ ಇರಬೇಕು.

ಏನು ನೋಡ್ತೀಯ ರಾಮು? ಗೋಡೆ. ಆ ಕಡೆಯಿಂದ ಒಂಬತ್ತು ವರ್ಷ ನೋಡಿದ್ದೀಯಲ್ಲ, ಅದೇ. ಈ ಕಡೆಯಿಂದಲೂ ಹಾಗೇ ಇದೆ.

ಯಾಕೆ ನಗ್ತೀಯ? ಹಾಂ, ನಗು. ಅಪ್ಪನ ಹಾಲ್ ಅನ್ನು ನಾವು ಅಣ್ಣ ತಮ್ಮ ಟೇಪು ಹಿಡಿದು ಉದ್ದಕ್ಕೆ ಸೀಳಿಸಿದೆವಲ್ಲ, ನಗಬೇಕಾದ್ದೇ. ನನ್ನ ಪಾಲಿಗೆ ರೈಲು ಡಬ್ಬಿ. ಏಳಡಿ ಅಗಲ, ಇಪ್ಪತ್ತಾರಡಿ ಉದ್ದ. ಎದುರುಬದುರು ಕೂತರೆ ಮೊಣಕಾಲು ತಾಗುತ್ತೆ. ಬಂದವರು ಟಿಕೆಟ್ ತೋರಿಸಬೇಕೇನೋ ಅಂತ ನನ್ನ ಮುಖ ನೋಡ್ತಾರೆ.

ಹೆಬ್ಬಾಗಿಲು ಹಿರಿಯನಿಗೆ ಅಂತ ನಾನೇ ಕೇಳಿ ತಗೊಂಡೆ. ಮರ್ಯಾದೆ! ಕಿಟಕಿ ಎರಡೂ ನಿನಗೆ ಹೋದವು. ನೀನು ಪಕ್ಕದ ಸಂದಿಯಿಂದ ಕಳ್ಳನ ಹಾಗೆ ಒಳಗೆ ಹೋಗಿ ಬೆಳಕಲ್ಲಿ ಕೂರ್ತೀಯ. ನಾನು ಹೆಬ್ಬಾಗಿಲಿಂದ ರಾಜನ ಹಾಗೆ ಬಂದು ಕತ್ತಲಲ್ಲಿ ಎಡವ್ತೀನಿ. ಅಪ್ಪನ ಗಡಿಯಾರವೂ ನಿನಗೆ. ಸಾಲಿಗ್ರಾಮ ನನಗೆ. ಇರಲಿ. ಅದಕ್ಕೆ ಕರೆದಿಲ್ಲ.

ಕರೆದದ್ದು ಶ್ರೀವಿದ್ಯಾಳ ವಿಷಯಕ್ಕೆ. ನನ್ನ ಮಗಳು ಈಗ ಬೆಸೆಂಟ್ ನಗರದವಳು. ಕಡಲು ಕಾಣುವ ಹಾಲ್ ಅವಳದು. ಅಲ್ಲಿಂದ ಬಂದು ಇಲ್ಲಿ ಕೂತರೆ ಉಸಿರು ಕಟ್ಟುತ್ತಂತೆ. ಇಪ್ಪತ್ತೈದು ವರ್ಷ ಇದೇ ಮನೆಯಲ್ಲಿ ಉಸಿರಾಡಿದ್ದು ಯಾರೋ! ಅದಕ್ಕೇ ಒಂದು ಪ್ಲಾನು ಮಾಡಿದ್ದಾಳೆ. ತಗೋ, ಫೋನಲ್ಲಿ ಚಿತ್ರ ಇದೆ. ಇದು ನಮ್ಮ ಹಾಲ್ ಅಂತೆ. ನನಗೂ ಮೊದಲು ಗುರುತು ಸಿಗಲಿಲ್ಲ. ಬೀರು ಇಲ್ಲ. ನನ್ನ ಕುರ್ಚಿ ಇಲ್ಲ. ನಾನೂ ಇಲ್ಲ. ಮೂಲೆಯಲ್ಲಿ ಒಂದು ಗಿಡ ಇದೆ.

ಈ ನಡುಗೋಡೆಗೆ ತುದಿಯಿಂದ ತುದಿಗೆ ಮರದ ಹಲಗೆ. ಹಲಗೆ ಹಿಂದೆ ಸ್ಪಾಂಜಿನಂಥದ್ದು ಏನೋ. ತೇವ ತಡೆಯುತ್ತೆ, ಸದ್ದೂ ತಡೆಯುತ್ತೆ ಅಂತೆ. ಹಲಗೆ ಮೇಲೆ ಕನ್ನಡಿ. ಬಾಗಿಲ ಬೆಳಕು ಕನ್ನಡಿಗೆ ಬಿದ್ದು ಹಾಲ್ ಎರಡರಷ್ಟು ಕಾಣುತ್ತಂತೆ. ನಾನೂ ಇಬ್ಬರು ಕಾಣ್ತೀನಿ. ನಿನ್ನ ಅತ್ತಿಗೆ ಜಯಲಕ್ಷ್ಮೀಗೆ ಒಬ್ಬನೇ ಸಾಕಾಗಿದೆ. ಆದರೂ ಮಗಳ ಜೊತೆ ಕನ್ನಡಿ ಆರಿಸಕ್ಕೆ ಹೋಗಿದ್ದಾಳೆ.

ನಾಳೆ ಬೆಳಿಗ್ಗೆ ಮರಗೆಲಸದ ಆಸಾರಿ ಬರ್ತಾನೆ. ಗೋಡೆಗೆ ಡ್ರಿಲ್ ಹಾಕಬೇಕು. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ಪಾಲುಪತ್ರದಲ್ಲಿ ನೀನೇ ಬರೆಸಿದ್ದೀಯ. 'ಇಬ್ಬರ ಒಪ್ಪಿಗೆಯಿಲ್ಲದೆ ನಡುಗೋಡೆಯನ್ನು ಮುಟ್ಟತಕ್ಕದ್ದಲ್ಲ.' ನೋಡು, ನನಗೆ ಬಾಯಿಪಾಠ. ಈಗ ಹೇಳು.

ಏನು? ಸರಿಯಾ?

ಒಂದೇ ಮಾತಿಗೆ ಸರಿಯಾ! ಯೋಚನೆ ಮಾಡೋ. ಆ ಕಡೆ ನಿನ್ನ ಶೆಲ್ಫ್ ಇದೆ. ವಿನೋದಾಳ ಪಿಂಗಾಣಿ ಇದೆ. ಡ್ರಿಲ್ ಹಾಕಿದರೆ ಉದುರುತ್ತೆ... ತೆಗೆದಿಡ್ತಾಳಾ? ಬಹಳ ಒಳ್ಳೆಯ ಹೆಂಡತಿ. ಧೂಳು? ಮಂಗಳವಾರದಿಂದ ನಿನಗೆ ಕೆಮ್ಮು ಬೇರೆ.

ಯಾರು ಹೇಳಿದರಾ? ಹಾಲಿನವನು ಹೇಳಿದ... ನಿಮಗೆ ಹಾಲಿನವನು ಇಲ್ಲವಾ? ಪ್ಯಾಕೆಟ್ಟಾ? ಹಾಗಾದರೆ ಪ್ಯಾಕೆಟ್ ಹಾಕುವವನು ಹೇಳಿದ. ಪೊಲೀಸಿನವರ ಹಾಗೆ ಕೇಳಬೇಡ.

ಬೆಳಿಗ್ಗೆ ಸದ್ದು ಶುರುವಾದರೆ ನಿನ್ನ ದೇವರನಾಮದ ಗತಿ? ಮೊದಲೇ ಗಡ್ಡ ಕೆರೆಯುವಾಗ ಮೂರನೇ ನುಡಿ ನುಂಗ್ತೀಯ... ನುಂಗ್ತಿದ್ದೆ. ಹಿಂದೆ. ಈಗ ಹೇಗೋ ನನಗೇನು ಗೊತ್ತು!

ಆಗಲ್ಲ ಅನ್ನು. ನಿನ್ನ ಬಾಯಿಗೆ ರೂಢಿ ಇರುವ ಮಾತು. ಗಡಿಯಾರ ನಾನಿಟ್ಟುಕೊಳ್ತೀನಿ ಅಂತ ಕೇಳಿದೆ. ನಿನ್ನ ಉತ್ತರ, ಆಗಲ್ಲ. ಒಂದು ಕಿಟಕಿ ನನ್ನ ಕಡೆ ಬರುವ ಹಾಗೆ ಗೋಡೆ ಹಾಕೋಣ ಅಂತ ಕೇಳಿದೆ. ಆಗಲ್ಲ. ಇವತ್ತು ನೋಡಿದರೆ ತಂಜಾವೂರು ಬೊಂಬೆ ಹಾಗೆ ತಲೆ ಆಡಿಸ್ತಾ ಕೂತಿದ್ದೀಯ. ಬೇಕಾದಾಗ ಒಂದು ಜಗಳಕ್ಕೂ ಒದಗಲ್ಲ ನೀನು.

ನೀನು ಬೇಡ ಅಂದರೆ ಮಗಳಿಗೆ ಹೇಳ್ತೀನಿ. ನಿನ್ನ ಚಿಕ್ಕಪ್ಪ ಮೊಂಡ, ಒಪ್ಪಲಿಲ್ಲ. ಮುಗೀತು. ತಕ್ಷಣ ನಂಬ್ತಾಳೆ.

ನಾನೇ ಬೇಡ ಅನ್ನಬಹುದಲ್ಲಾ ಅಂತೀಯಾ? ಅಂದರೆ ಯಾಕೆ ಅಂತ ಕೇಳ್ತಾಳೆ. ನೀನು ಕೇಳ್ತಾ ಇಲ್ಲವಾ, ಹಾಗೆ.

ನನಗೂ ಬೆಳಕು ಬೇಕು ಕಣೋ. ಸುಣ್ಣ ಬಳಿಯಲಿ. ಬೀರು ಹಿಂದಕ್ಕೆ ಸಾಗಿಸಲಿ. ಎದುರು ಗೋಡೆಗೆ ಹತ್ತು ಕನ್ನಡಿ ಹಾಕಲಿ. ಈ ಗೋಡೆ ಬಿಡಲಿ. ಯಾಕೆ ಅಂದರೆ... ಗೋಡೆ ಉಸಿರಾಡಬೇಕು. ಹಳೇ ಗೋಡೆ.

ಒಂಬತ್ತು ವರ್ಷದ್ದು ಅಂತ ನನಗೂ ಗೊತ್ತು! ನಾನೇ ನಿಂತು ಕಟ್ಟಿಸಿದ್ದು. ಇಟ್ಟಿಗೆ ಉಳಿಸಕ್ಕೆ ಗಾರೆ ಕೆಲಸದ ಕೊತ್ತನಾರ್ ಅರ್ಧ ಇಟ್ಟಿಗೆ ದಪ್ಪಕ್ಕೇ ಎಬ್ಬಿಸಿ ಹೋದ. ಆಗ ಬೈದೆ ಅವನನ್ನ. ಈಗ ಬಯ್ಯಲ್ಲ.

ಅಲ್ಲಿ ಕೂರಬೇಡ. ಆ ಕುರ್ಚಿ ಬೆತ್ತ ಹೋಗಿದೆ... ಕೂತೇ ಬಿಟ್ಟೆ.

ಹೌದು. ಬಾಗಿಲಿಂದ ಬಹಳ ದೂರ. ಹೌದು, ಇಡೀ ಹಾಲ್‌ನಲ್ಲಿ ಅಲ್ಲೇ ಕತ್ತಲೆ ಜಾಸ್ತಿ. ಹೌದು, ಟೀವಿಗೆ ಬೆನ್ನು. ಪೇಪರ್ ಓದಕ್ಕೆ ಅಲ್ಲ ಅದು. ಸುಮ್ಮನೆ ಕೂರಕ್ಕೆ. ಸುಮ್ಮನೆ ಕೂರಕ್ಕೂ ಬೆಳಕು ಬೇಕಾ? ಶ್ರೀವಿದ್ಯಾ ಅದನ್ನ ಬಾಗಿಲ ಹತ್ತಿರ ಎಳೆದು ಹಾಕ್ತಾಳೆ. ನಾನು ಮತ್ತೆ ಎಳೆದು ತರ್ತೀನಿ. ವ್ಯಾಯಾಮ.

ಅದಾ? ಎಣ್ಣೆ ಕಲೆ. ತಲೆಗೆ ಎಣ್ಣೆ ಹಚ್ತೀನಿ, ಗೋಡೆಗೆ ಒರಗ್ತೀನಿ. ಬಿಳೀ ಗೋಡೆ ಮೇಲೆ ಕಲೆ ಆಗದೆ ಇನ್ನೇನಾಗುತ್ತೆ?

...ಪಕ್ಕಕ್ಕೆ ಇದ್ದರೆ ಏನು? ಕುರ್ಚಿ ಹಿಂದೆಯೇ ಇರಬೇಕು ಅಂತ ಪಾಲುಪತ್ರದಲ್ಲಿ ಬರೆಸಿದ್ದೀಯಾ? ನಾನು ಹೀಗೆ ತಿರುಗಿ ಕೂರ್ತೀನಿ. ಬಲಗಡೆ ಒರಗ್ತೀನಿ. ಎಡಗಿವಿ ಹೋಗಿದೆ, ಗೊತ್ತಲ್ಲ.

ಗಾಳಿ ಜಾಸ್ತಿಯಾ? ಕೆಮ್ಮಿದರೆ ಕೆಮ್ಮು. ಫ್ಯಾನ್ ಇರಲಿ. ಗಡಗಡ ಅನ್ನುತ್ತೆ, ಗೊತ್ತು, ಇರಲಿ ಬಿಡು. ಆರಿಸಬೇಡ. ರಾಮು, ಸ್ವಿಚ್ಚಿಂದ ಕೈ ತೆಗಿ. ಹೇಳಿದರೆ ಒಂದು ಸಲವಾದರೂ...

ಆರಿಸಿದೆ.

ಸರಿ. ಕಾಫಿ ಕುಡೀತೀಯಾ? ಫ್ಲಾಸ್ಕಿನಲ್ಲಿದೆ. ಜಯಲಕ್ಷ್ಮೀ ಇಟ್ಟು ಹೋಗಿದ್ದಾಳೆ. ಸಕ್ಕರೆ ಜಾಸ್ತಿ.

ಯಾಕೆ ಸುಮ್ಮನಾದೆ? ಮಾತಾಡು. ಇಷ್ಟು ಹೊತ್ತು ವಕೀಲರ ಹಾಗೆ ಕೇಳ್ತಿದ್ದೆಯಲ್ಲ. ಸರಿ, ನಾನೇ ಮಾತಾಡ್ತೀನಿ. ಹಲಗೆ... ತೇಗದ್ದಂತೆ. ತೇಗ ಅಂದರೆ...

ಕೈ ಸನ್ನೆ ಯಾಕೆ? ನನ್ನ ಮನೆಯಲ್ಲಿ ನನಗೇ ಸುಮ್ಮನಿರು ಅಂತೀಯಾ?

...

ಹೂಂ.

ವಿನೋದಾ. ಕಾಫಿ ಆರಿಸ್ತಾ ಇದ್ದಾಳೆ. ಲೋಟದಿಂದ ಡಬರಕ್ಕೆ. ಮೂರು ಸಲ. ಮೂರನೇ ಸಲ ಸ್ವಲ್ಪ ಚೆಲ್ತಾಳೆ, ಆಮೇಲೆ ಅಯ್ಯೋ ಅಂತಾಳೆ.

...ಅಂದಳಾ?

ಮುಖ ಹಾಗೆ ಮಾಡಬೇಡ. ಎಲ್ಲ ಕೇಳಿಸಲ್ಲ. ನಿಮ್ಮ ಜಗಳ ಅರ್ಧಂಬರ್ಧ. ನಿನ್ನ ಕೆಮ್ಮು ಪೂರ್ತಿ. ನೀನು ಎರಡು ದಿನ ಊರಲ್ಲಿ ಇಲ್ಲದಿದ್ದರೆ ಏನೂ ಇಲ್ಲ.

ಏಳಬೇಡ. ಕೂತಿರು. ಈಗ ಹೊಡೆಯುತ್ತೆ.

ಒಂದು... ಎರಡು... ಮೂರು... ನಾಲ್ಕು.

ಏನು? ಈಗ ತಲೆ ಅಡ್ಡಡ್ಡ ಆಡಿಸ್ತಾ ಇದ್ದೀಯಾ? ಗೋಡೆ ಮುಟ್ಟಬಾರದಾ? ಬಾಯಿಬಿಟ್ಟು ಹೇಳಬಾರದೇನೋ... ಬೇಡ ಬಿಡು. ಸಾಕು. ಮಗಳಿಗೆ ಹೇಳ್ತೀನಿ, ಚಿಕ್ಕಪ್ಪ ಮೊಂಡ ಅಂತ.

ಕಣ್ಣು ಒರೆಸ್ಕೋ. ಸುಣ್ಣದ ಧೂಳು.

ಮತ್ತೆ, ಅಪ್ಪನ ಗಡಿಯಾರ ಐದು ನಿಮಿಷ ಮುಂದಿದೆ ಕಣೋ. ಒಂಬತ್ತು ವರ್ಷದಿಂದ ಹೇಳಬೇಕು ಅಂತಿದ್ದೆ.